ಕಾರ್ಪಲ್ ಟನಲ್ ಸಿಂಡ್ರೋಮ್‌ಗೆ ಅಲ್ಟ್ರಾಸೌಂಡ್ ನಿರ್ದೇಶಿತ ಸ್ಟೀರಾಯ್ಡ್ ಚುಚ್ಚುಮದ್ದು

ಅಲ್ಟ್ರಾಸೌಂಡ್ ನಿರ್ದೇಶಿತ ಸ್ಟೀರಾಯ್ಡ್ ಚುಚ್ಚುಮದ್ದು ಎಂಬುದು ಕಾರ್ಪಲ್ ಟನಲ್ ಸಿಂಡ್ರೋಮ್‌ಗೆ ನೀಡಲಾಗುವ ಶಸ್ತ್ರರಹಿತ ಚಿಕಿತ್ಸೆಗಳಲ್ಲಿ ಒಂದು. ಮಣಿಕಟ್ಟಿನ ಒಳರಚನೆಯನ್ನು ಪರದೆಯ ಮೇಲೆ ನೋಡುತ್ತ, ಒತ್ತಡಕ್ಕೊಳಗಾದ ನರದ ಸಮೀಪಕ್ಕೆ ಔಷಧವನ್ನು ತಲುಪಿಸುವುದು ಇದರ ವಿಧಾನ.

ಹಿನ್ನೆಲೆ
ಮಣಿಕಟ್ಟಿನ ಚಿಕ್ಕ ಮೂಳೆಗಳು ಹಾಗೂ ಅವುಗಳ ಮೇಲೆ ಅಡ್ಡಲಾಗಿ ಹಾದುಹೋಗುವ ಗಟ್ಟಿ ಅಸ್ಥಿರಜ್ಜುವಿನ ನಡುವಿನ ಇಕ್ಕಟ್ಟಾದ ಮಾರ್ಗವೇ ಕಾರ್ಪಲ್ ಟನಲ್. ಇದರ ಮೂಲಕ ಬೆರಳುಗಳನ್ನು ಮಡಿಸುವ 9 ಸ್ನಾಯುರಜ್ಜುಗಳು ಮತ್ತು ಮೀಡಿಯನ್ ನರ ಸಾಗುತ್ತವೆ. ಇಲ್ಲಿ ಒತ್ತಡ ಹೆಚ್ಚಿದಾಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಹಾಗೂ ಉಂಗುರ ಬೆರಳಿನ ಅರ್ಧಭಾಗದಲ್ಲಿ ಜೋಮು ಮತ್ತು ನೋವು ಕಾಣಿಸಿಕೊಳ್ಳುತ್ತವೆ. ರಾತ್ರಿಯ ವೇಳೆ ಇವು ಉಲ್ಬಣಗೊಳ್ಳುವುದು ಸಾಮಾನ್ಯ. ಗರ್ಭಾವಸ್ಥೆ, ಮಧುಮೇಹ, ಥೈರಾಯ್ಡ್ ಕೊರತೆ, ಸಂಧಿವಾತ, ಬೊಜ್ಜು ಮತ್ತು ಕೈಗೆ ಹೆಚ್ಚು ಬಲ ಬೇಡುವ ಪುನರಾವರ್ತಿತ ಕೆಲಸಗಳು ಈ ತೊಂದರೆಯ ಸಾಧ್ಯತೆಯನ್ನು ಹೆಚ್ಚಿಸುತ್ತವೆ.

ವಿಧಾನ
ರೋಗಿಯ ಅಂಗೈಯನ್ನು ಮೇಲ್ಮುಖವಾಗಿರಿಸಿ, ಚರ್ಮವನ್ನು ಶುಚಿಗೊಳಿಸಿ, ಅಧಿಕ ಆವರ್ತನದ ಶೋಧಕವನ್ನು ಮಣಿಕಟ್ಟಿನ ಮೇಲೆ ಇಡಲಾಗುತ್ತದೆ. ಬಾಧಿತ ನರವು ಊದಿಕೊಂಡಂತೆ ಕಾಣುತ್ತದೆ. ಸಾಮಾನ್ಯವಾಗಿ ಸೂಜಿಯನ್ನು ಕಿರುಬೆರಳಿನ ಕಡೆಯಿಂದ ಸೇರಿಸಿ, ಅಲ್ನಾರ್ ನರ ಹಾಗೂ ಅಪಧಮನಿಗಳನ್ನು ತಪ್ಪಿಸಿ, ಮೀಡಿಯನ್ ನರದ ಬಳಿಗೆ ಒಯ್ಯಲಾಗುತ್ತದೆ. ಮೀಥೈಲ್‌ಪ್ರೆಡ್ನಿಸೋಲೋನ್ ಅಥವಾ ಟ್ರಯಾಮ್ಸಿನೋಲೋನ್ ಎಂಬ ಸ್ಟೀರಾಯ್ಡನ್ನು, ಹಲವೊಮ್ಮೆ ಸ್ಥಳೀಯ ಅರಿವಳಿಕೆಯೊಂದಿಗೆ ಬೆರೆಸಿ, ನರದ ಒಳಗಲ್ಲ, ಅದರ ಸುತ್ತ ಬಿಡಲಾಗುತ್ತದೆ.

ಸೂಜಿಯ ತುದಿಯನ್ನು ನಿರಂತರವಾಗಿ ನೋಡಲು ಸಾಧ್ಯವಾಗುವುದು ಈ ವಿಧಾನದ ಮುಖ್ಯ ಅನುಕೂಲ. ಕೆಲವರಲ್ಲಿ ನರವು ಎರಡಾಗಿ ಕವಲೊಡೆದಿರುತ್ತದೆ ಅಥವಾ ಅದರ ಜೊತೆಗೆ ಹೆಚ್ಚುವರಿ ಅಪಧಮನಿಯೊಂದು ಸಾಗಿರುತ್ತದೆ. ಇಂತಹ ವ್ಯತ್ಯಾಸಗಳನ್ನು ಹೊರಗಿನಿಂದ ಮುಟ್ಟಿ ತಿಳಿಯಲಾಗದು. ಕೆಲವು ತುಲನಾತ್ಮಕ ಅಧ್ಯಯನಗಳಲ್ಲಿ ಅಲ್ಟ್ರಾಸೌಂಡ್ ಬಳಕೆಯಿಂದ ಹೆಚ್ಚಿನ ಉಪಶಮನ ಕಂಡುಬಂದಿದ್ದರೆ, ಇನ್ನು ಕೆಲವುಗಳಲ್ಲಿ ಗಣನೀಯ ವ್ಯತ್ಯಾಸ ಕಂಡಿಲ್ಲ.

ಪರಿಣಾಮ
ಸ್ಟೀರಾಯ್ಡ್ ಉಪಶಮನ ನೀಡುತ್ತದೆಯಾದರೂ ಅದು ಅನೇಕರಲ್ಲಿ ತಾತ್ಕಾಲಿಕ. 2013ರಲ್ಲಿ ಪ್ರಕಟವಾದ ಸ್ವೀಡನ್ನಿನ ಪ್ರಯೋಗವೊಂದರಲ್ಲಿ 111 ರೋಗಿಗಳಿಗೆ 80 ಮಿ.ಗ್ರಾಂ. ಅಥವಾ 40 ಮಿ.ಗ್ರಾಂ. ಮೀಥೈಲ್‌ಪ್ರೆಡ್ನಿಸೋಲೋನ್ ಇಲ್ಲವೇ ಔಷಧರಹಿತ ಚುಚ್ಚುಮದ್ದನ್ನು ನೀಡಲಾಯಿತು. 10 ವಾರಗಳಲ್ಲಿ ಸ್ಟೀರಾಯ್ಡ್ ಪಡೆದವರ ಲಕ್ಷಣಗಳು ಹೆಚ್ಚು ತಗ್ಗಿದ್ದವು. ಆದರೆ ಒಂದು ವರ್ಷದೊಳಗೆ ಕ್ರಮವಾಗಿ ಶೇ. 73, 81 ಮತ್ತು 92ರಷ್ಟು ಜನ ಶಸ್ತ್ರಚಿಕಿತ್ಸೆಗೆ ಒಳಗಾದರು. 2018ರ ಬ್ರಿಟನ್ನಿನ ಪ್ರಯೋಗದಲ್ಲಿ 6 ವಾರಗಳ ಹೊತ್ತಿಗೆ ಚುಚ್ಚುಮದ್ದು ರಾತ್ರಿ ಧರಿಸುವ ಸ್ಪ್ಲಿಂಟ್‌ಗಿಂತ ಉತ್ತಮವಾಗಿತ್ತು. 6 ತಿಂಗಳಲ್ಲಿ ಆ ಅಂತರ ಉಳಿಯಲಿಲ್ಲ.

ಅಡ್ಡಪರಿಣಾಮಗಳು ಮತ್ತು ಮಿತಿಗಳು
ಚುಚ್ಚಿದ ಜಾಗದಲ್ಲಿ ಕೆಲವು ದಿನ ನೋವು, ಚರ್ಮದ ಬಣ್ಣ ತಿಳಿಯಾಗುವುದು ಹಾಗೂ ಚರ್ಮದಡಿಯ ಕೊಬ್ಬು ಕರಗುವುದು ಸಂಭವನೀಯ. ಮಧುಮೇಹಿಗಳಲ್ಲಿ ರಕ್ತದ ಸಕ್ಕರೆ ತಾತ್ಕಾಲಿಕವಾಗಿ ಏರಬಹುದು. ಸೋಂಕು, ಸ್ನಾಯುರಜ್ಜು ಹರಿಯುವುದು ಮತ್ತು ನರಕ್ಕೆ ಗಾಯ ಅಪರೂಪ.

ಹೆಬ್ಬೆರಳಿನ ಬುಡದ ಸ್ನಾಯು ಸೊರಗಿದ್ದರೆ ಅಥವಾ ಜೋಮು ಸದಾ ಉಳಿದಿದ್ದರೆ ಅದು ನರಕ್ಕೆ ತೀವ್ರ ಹಾನಿಯಾಗಿರುವುದರ ಸೂಚನೆ. ಆಗ ಅಸ್ಥಿರಜ್ಜುವನ್ನು ಕತ್ತರಿಸಿ ಒತ್ತಡ ಇಳಿಸುವ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಸೂಚಿಸಲಾಗುತ್ತದೆ. ಇಂತಹ ಸ್ಥಿತಿಯಲ್ಲಿ ಚುಚ್ಚುಮದ್ದನ್ನಷ್ಟೇ ನಂಬಿ ಕಾಲ ಕಳೆದರೆ ಕೈಯ ಬಲ ಮತ್ತು ಸ್ಪರ್ಶಜ್ಞಾನ ಪೂರ್ಣವಾಗಿ ಮರಳದಿರಬಹುದು.