ಹೊಂದಿಸಬಹುದಾದ ಕಾಯಿಲೋವರ್ ಸಸ್ಪೆನ್ಷನ್ : ಸ್ಪೋರ್ಟ್ಸ್ ಕಾರುಗಳ ಮಾಲೀಕರಿಗೆ ಮಾಹಿತಿ

ಹೆಚ್ಚಿನ ವೇಗಕ್ಕೆ ತಕ್ಕಂತೆ ತಯಾರಾಗುವ ಕೆಲವು ಕಾರುಗಳಲ್ಲಿ ಸಸ್ಪೆನ್ಷನ್ನಿನ ಎತ್ತರ ಹಾಗೂ ಬಿಗಿತವನ್ನು ಮಾಲೀಕರೇ ಹೊಂದಿಸಿಕೊಳ್ಳಲು ಅವಕಾಶವಿರುತ್ತದೆ. ಇಂತಹ ವಾಹನಗಳ ನೋಂದಣಿ ನವೀಕರಣ ಮತ್ತಿತರ ಸೇವೆಗಳಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರ ಅನುಕೂಲಕ್ಕಾಗಿ, ಹೊಂದಾಣಿಕೆಯ ಸರಿಯಾದ ಕ್ರಮ, ಸುರಕ್ಷತೆ ಹಾಗೂ ಕಾನೂನಿನ ಮಿತಿಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

1. ಕಾಯಿಲೋವರ್ ಎಂದರೇನು?

ಶಾಕ್ ಅಬ್ಸಾರ್ಬರಿನ ಸುತ್ತ ಸುರುಳಿ ಸ್ಪ್ರಿಂಗ್ ಕೂಡಿಸಿದ ಒಂದೇ ಜೋಡಣೆಗೆ ಕಾಯಿಲೋವರ್ ಎಂದು ಹೆಸರು. ಹೊಂದಿಸಬಹುದಾದ ಮಾದರಿಯಲ್ಲಿ ಶಾಕ್ ಅಬ್ಸಾರ್ಬರಿನ ಹೊರಮೈಗೆ ಮರೆ ಕೊರೆದಿರುತ್ತದೆ. ಸ್ಪ್ರಿಂಗ್ ಕೂರುವ ತಟ್ಟೆಯನ್ನು ಈ ಮರೆಯ ಮೇಲೆ ತಿರುಗಿಸಿ ಮೇಲೆ ಕೆಳಗೆ ಸರಿಸಬಹುದು; ಲಾಕ್ ರಿಂಗ್ ಅದನ್ನು ಸ್ಥಿರವಾಗಿ ಹಿಡಿದಿಡುತ್ತದೆ. ಕೆಲವು ಮಾದರಿಗಳಲ್ಲಿ ಶಾಕ್ ಅಬ್ಸಾರ್ಬರಿನ ಬಿಗಿತವನ್ನು ಬದಲಿಸುವ ತಿರುಪೂ ಇರುತ್ತದೆ. ಪೋರ್ಷೆ 911 ಜಿಟಿ3ಯಂತಹ ಕಾರುಗಳಲ್ಲಿ ಎತ್ತರ, ಕ್ಯಾಂಬರ್, ಟೋ ಹಾಗೂ ಆಂಟಿ-ರೋಲ್ ಬಾರ್‌ಗಳ ಹೊಂದಾಣಿಕೆಗೆ ತಯಾರಕರೇ ಅವಕಾಶ ಕಲ್ಪಿಸಿದ್ದಾರೆ.

2. ಕಾನೂನಿನ ಮಿತಿ

ತಯಾರಕರು ಅಳವಡಿಸಿದ ಭಾಗವನ್ನು ಅವರು ಸೂಚಿಸಿದ ಮಿತಿಯೊಳಗೆ ಹೊಂದಿಸುವುದು ಒಂದು. ಮೂಲ ಸಸ್ಪೆನ್ಷನ್ನನ್ನು ತೆಗೆದು ಹೊರಗಿನಿಂದ ಖರೀದಿಸಿದ ಕಾಯಿಲೋವರ್ ಅಳವಡಿಸುವುದು ಮತ್ತೊಂದು. ಈ ವ್ಯತ್ಯಾಸವನ್ನು ಮಾಲೀಕರು ಅವಶ್ಯವಾಗಿ ಗಮನಿಸತಕ್ಕದ್ದು.

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯಿಂದ ಸೇರ್ಪಡೆಯಾದ ಕಲಂ 182ಎ (4)ರಂತೆ, ಅನುಮತಿಯಿಲ್ಲದೆ ವಾಹನವನ್ನು ಮಾರ್ಪಡಿಸುವ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಆದುದರಿಂದ ಬೇರೆ ಭಾಗಗಳನ್ನು ಖರೀದಿಸುವ ಮುನ್ನವೇ ನೋಂದಣಿ ಪ್ರಾಧಿಕಾರವನ್ನು ಲಿಖಿತವಾಗಿ ವಿಚಾರಿಸುವುದು ಸೂಕ್ತ.

3. ಮೊದಲು ಮೂಲ ಸ್ಥಿತಿಯ ದಾಖಲೆ

ಯಾವುದೇ ತಟ್ಟೆ ಅಥವಾ ತಿರುಪನ್ನು ಮುಟ್ಟುವ ಮೊದಲು ವಾಹನವು ಇರುವ ಸ್ಥಿತಿಯನ್ನು ಬರೆದಿಟ್ಟುಕೊಳ್ಳಬೇಕು. ಟೈರುಗಳಿಗೆ ನಿಗದಿತ ಗಾಳಿ ತುಂಬಿಸಿ, ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಪ್ರತಿ ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗಿನ ಅಂತರವನ್ನು ಅಳೆಯಬೇಕು. ತಿರುಪು ಸಂಪೂರ್ಣ ಬಿಗಿಯಾದ ಸ್ಥಾನದಿಂದ ಎಷ್ಟು ಕ್ಲಿಕ್ ಹಿಂದಿದೆ ಎಂಬುದನ್ನು ಎಣಿಸಿ ಬರೆಯಬೇಕು. ಹೊಂದಾಣಿಕೆ ಕೆಟ್ಟಾಗ ಮೂಲ ಸ್ಥಿತಿಗೆ ಮರಳಲು ಈ ದಾಖಲೆಯೊಂದೇ ದಾರಿ.

4. ಎತ್ತರದ ಹೊಂದಾಣಿಕೆ

(ಅ) ಎತ್ತರವನ್ನು ಒಮ್ಮೆಗೆ 5 ಮಿ.ಮೀ.ಗಿಂತ ಹೆಚ್ಚು ಬದಲಿಸಬಾರದು. ಮರೆಯ ಎಳೆಗಳ ಅಂತರ 2 ಮಿ.ಮೀ. ಇದ್ದಲ್ಲಿ ತಟ್ಟೆಯ ಒಂದು ಪೂರ್ಣ ಸುತ್ತಿಗೆ 2 ಮಿ.ಮೀ. ಸರಿಯುತ್ತದೆ. ಬದಲಾವಣೆಯ ನಂತರ ಕಾರನ್ನು ಸ್ವಲ್ಪ ದೂರ ಓಡಿಸಿ, ಸ್ಪ್ರಿಂಗ್ ಸರಿಯಾಗಿ ಕುಳಿತ ಮೇಲೆಯೇ ಮರಳಿ ಅಳೆಯಬೇಕು.

(ಆ) ಕಾರು ತಗ್ಗಿದಷ್ಟೂ ಉತ್ತಮವೆಂಬ ಭಾವನೆ ಸರಿಯಲ್ಲ. ತಗ್ಗಿಸಿದಂತೆ ಚಕ್ರವು ಮೇಲಕ್ಕೆ ಚಲಿಸಲು ಉಳಿಯುವ ಜಾಗ ಕಡಿಮೆಯಾಗುತ್ತದೆ. ಗುಂಡಿಗೆ ಬಿದ್ದಾಗ ಶಾಕ್ ಅಬ್ಸಾರ್ಬರ್ ತಳ ಮುಟ್ಟಿದರೆ, ಆ ಕ್ಷಣ ಸ್ಪ್ರಿಂಗ್ ಇಲ್ಲದಂತೆಯೇ ಆಗಿ ಟೈರು ಹಿಡಿತ ಕಳೆದುಕೊಳ್ಳಬಹುದು. ಮ್ಯಾಕ್‌ಫರ್ಸನ್ ಮಾದರಿಯ ಮುಂಭಾಗವಿರುವ ಕಾರುಗಳನ್ನು ಅತಿಯಾಗಿ ತಗ್ಗಿಸಿದಲ್ಲಿ, ಕೆಳಗಿನ ತೋಳುಗಳ ಕೋನ ಕೆಟ್ಟು ತಿರುವಿನಲ್ಲಿ ವಾಲುವಿಕೆ ಹೆಚ್ಚಾಗುವುದೂ ಉಂಟು.

(ಇ) ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾನದಂಡದ ದುಂಡನೆಯ ರಸ್ತೆ ಉಬ್ಬು 3.7 ಮೀಟರ್ ಅಗಲ ಹಾಗೂ 10 ಸೆಂ.ಮೀ. ಎತ್ತರವಿರುತ್ತದೆ. ಅದರ ಮೇಲೆ ನಿಧಾನವಾಗಿ ಹಾದುಹೋಗುವಾಗ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.5 ಮೀಟರ್ ಅಂತರವಿರುವ ಕಾರಿನ ನಡುಭಾಗಕ್ಕೆ ಸುಮಾರು 5 ಸೆಂ.ಮೀ. ತೆರವು ಬೇಕು. ಆದರೆ ಮಾನದಂಡ ಪಾಲಿಸದ, ಕಿರಿದಾದ 10 ಸೆಂ.ಮೀ. ಉಬ್ಬಿಗೆ ಪೂರ್ತಿ 10 ಸೆಂ.ಮೀ. ತೆರವೇ ಬೇಕಾಗುತ್ತದೆ. ಪ್ರಯಾಣಿಕರ ಭಾರ ಹಾಗೂ ಸ್ಪ್ರಿಂಗ್ ಕುಸಿತವನ್ನು ಇದಕ್ಕೆ ಕೂಡಿಸಿ ಲೆಕ್ಕ ಹಾಕತಕ್ಕದ್ದು.

5. ನಾಲ್ಕು ಚಕ್ರಗಳ ಭಾರ

ನಾಲ್ಕು ಚಕ್ರಗಳ ಮೇಲಿನ ಭಾರ ಸರಿಹೊಂದದಿದ್ದಲ್ಲಿ, ಕಾರು ಎಡ ತಿರುವಿನಲ್ಲಿ ಒಂದು ರೀತಿ, ಬಲ ತಿರುವಿನಲ್ಲಿ ಇನ್ನೊಂದು ರೀತಿ ವರ್ತಿಸುತ್ತದೆ. ಆಂಟಿ-ರೋಲ್ ಬಾರ್ ಕಳಚಿ, ಚಾಲಕರನ್ನು ಕೂರಿಸಿ, ನಾಲ್ಕೂ ಚಕ್ರಗಳ ಕೆಳಗೆ ತೂಕದ ಯಂತ್ರವಿಟ್ಟು ಇದನ್ನು ಪರೀಕ್ಷಿಸಲಾಗುತ್ತದೆ.

ಉದಾಹರಣೆ: ಮುಂದಿನ ಎಡ 360, ಮುಂದಿನ ಬಲ 400, ಹಿಂದಿನ ಎಡ 340, ಹಿಂದಿನ ಬಲ 340 ಕಿ.ಗ್ರಾಂ. ಇದ್ದಲ್ಲಿ ಒಟ್ಟು 1,440 ಕಿ.ಗ್ರಾಂ. ಮುಂದಿನ ಬಲ ಮತ್ತು ಹಿಂದಿನ ಎಡ ಸೇರಿದ ಕರ್ಣದ ಭಾರ 740 ಕಿ.ಗ್ರಾಂ., ಅಂದರೆ ಶೇ. 51.4. ಈ ಎರಡು ಮೂಲೆಗಳನ್ನು ತುಸು ತಗ್ಗಿಸಿ, ಉಳಿದೆರಡನ್ನು ತುಸು ಎತ್ತರಿಸಿದರೆ ಅದು ಶೇ. 50ರ ಹತ್ತಿರ ಬರುತ್ತದೆ. ಎಡ-ಬಲ ಅಥವಾ ಹಿಂದು-ಮುಂದಿನ ಒಟ್ಟು ಭಾರವು ತಟ್ಟೆ ತಿರುಗಿಸುವುದರಿಂದ ಬದಲಾಗುವುದಿಲ್ಲ. ಕಾರಿನೊಳಗಿನ ಭಾರವನ್ನೇ ಸರಿಸಬೇಕಾಗುತ್ತದೆ.

6. ಅಲೈನ್‌ಮೆಂಟ್ ಮತ್ತು ಬಿಗಿತ

ಎತ್ತರ ಬದಲಾದಾಗ ಕ್ಯಾಂಬರ್ ಹಾಗೂ ಟೋ ಬದಲಾಗುತ್ತವೆ. ಆದುದರಿಂದ ಎತ್ತರ ಮತ್ತು ಭಾರ ಸರಿಪಡಿಸಿದ ನಂತರವೇ ವ್ಹೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಹೆಡ್‌ಲೈಟ್ ಬೆಳಕಿನ ದಿಕ್ಕನ್ನೂ ಮರುಹೊಂದಿಸಬೇಕು. ಹಿಂಭಾಗ ಮಾತ್ರ ತಗ್ಗಿದ ಕಾರಿನ ಬೆಳಕು ಎದುರು ಬರುವ ಚಾಲಕರ ಕಣ್ಣು ಕುಕ್ಕುತ್ತದೆ.

ಶಾಕ್ ಅಬ್ಸಾರ್ಬರಿನ ಬಿಗಿತವನ್ನು ಹೊಂದಿಸುವುದು ಕೊನೆಯ ಹಂತ. ಒಮ್ಮೆಗೆ ಎರಡು ಕ್ಲಿಕ್ ಮಾತ್ರ, ಒಂದೇ ಆಕ್ಸಲ್‌ನ ಎರಡೂ ಬದಿಗೆ ಸಮನಾಗಿ ಬದಲಿಸಿ, ಅದೇ ರಸ್ತೆಯಲ್ಲಿ ಅದೇ ಮಿತವೇಗದಲ್ಲಿ ಪರೀಕ್ಷಿಸಬೇಕು.
- ಉಬ್ಬು ದಾಟಿದ ಮೇಲೂ ಕಾರು ತೂಗಾಡುತ್ತಿದ್ದರೆ, ಸ್ಪ್ರಿಂಗ್ ಹಿಗ್ಗುವಾಗಿನ ಬಿಗಿತ ಕಡಿಮೆಯಾಗಿದೆ.
- ಸಾಲು ಗುಂಡಿಗಳಲ್ಲಿ ಕಾರು ಹಂತಹಂತವಾಗಿ ಕುಸಿಯುತ್ತಿದ್ದರೆ, ಆ ಬಿಗಿತ ಅತಿಯಾಗಿದೆ. ಚಕ್ರವು ಮುಂದಿನ ಗುಂಡಿಯೊಳಗೆ ಕೆಳಗಿಳಿಯಲು ಸಮಯ ಸಾಲದು.
- ಸಣ್ಣ ಏರುಪೇರಿಗೂ ಟೈರು ನೆಗೆಯುತ್ತಿದ್ದರೆ, ಸ್ಪ್ರಿಂಗ್ ಕುಗ್ಗುವಾಗಿನ ಬಿಗಿತ ಹೆಚ್ಚಾಗಿದೆ.
- ತಿರುವಿನಲ್ಲಿ ಮುಂಭಾಗವೇ ಹೊರಕ್ಕೆ ಜಾರುತ್ತಿದ್ದರೆ, ಮುಂದಿನ ಬಿಗಿತವನ್ನು ತುಸು ಸಡಿಲಿಸಿ ನೋಡಬಹುದು.

ಸಾರ್ವಜನಿಕ ರಸ್ತೆಯಲ್ಲಿ ವೇಗದ ಪರೀಕ್ಷೆ ಸಲ್ಲದು. ಅದಕ್ಕೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂತಹ ಟ್ರ್ಯಾಕ್‌ಗಳಿವೆ. ಟ್ರ್ಯಾಕಿಗೆ ಬೇರೆ, ರಸ್ತೆಗೆ ಬೇರೆ ಅಳತೆಯನ್ನು ಕೈಪಿಡಿಯಲ್ಲಿ ನೀಡಿದ್ದಲ್ಲಿ, ಮನೆಗೆ ಹೊರಡುವ ಮುನ್ನವೇ ರಸ್ತೆಯ ಅಳತೆಗೆ ಮರಳಿಸತಕ್ಕದ್ದು.

7. ಕೆಲಸದ ವೇಳೆ ಎಚ್ಚರಿಕೆ

ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಹೋಗಬಾರದು. ಭದ್ರವಾದ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಬೇಕು. ಸ್ಪ್ರಿಂಗ್ ಒತ್ತಡದಲ್ಲಿರುವಾಗ ಮೇಲಿನ ನಟ್ಟನ್ನು ಬಿಚ್ಚಿದರೆ ಪ್ರಾಣಾಪಾಯವಿದೆ. ರಬ್ಬರ್ ಬುಷ್‌ಗಳ ಬೋಲ್ಟನ್ನು ಕಾರಿನ ಭಾರ ಚಕ್ರಗಳ ಮೇಲಿರುವಾಗಲೇ ಅಂತಿಮವಾಗಿ ಬಿಗಿಮಾಡಬೇಕು. ಕರಾವಳಿ ಜಿಲ್ಲೆಗಳಲ್ಲಿ ಉಪ್ಪುಗಾಳಿ ಹಾಗೂ ಮಳೆಗಾಲದ ಕೆಸರಿನಿಂದ ಮರೆ ತುಕ್ಕು ಹಿಡಿದು ತಟ್ಟೆ ಅಲುಗಾಡದಂತಾಗುತ್ತದೆ. ತಿರುಗಿಸುವ ಮುನ್ನ ಮರೆಯನ್ನು ಬ್ರಷ್‌ನಿಂದ ಶುಚಿಗೊಳಿಸಬೇಕು.

8. ಪರಿಶೀಲನೆಗೆ ವಾಹನ ಹಾಜರುಪಡಿಸುವ ಮುನ್ನ

ಖಾಸಗಿ ಕಾರಿನ ನೋಂದಣಿಯು 15 ವರ್ಷಗಳವರೆಗೆ ಊರ್ಜಿತವಾಗಿದ್ದು, ನವೀಕರಣಕ್ಕೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಬೇಕಾಗುತ್ತದೆ. ವಾಹನವನ್ನು ಹಾಜರುಪಡಿಸುವ ಮುನ್ನ ಕೆಳಕಂಡವುಗಳನ್ನು ಖಚಿತಪಡಿಸಿಕೊಳ್ಳಲು ಕೋರಲಾಗಿದೆ.
- ಎತ್ತರವು ತಯಾರಕರು ರಸ್ತೆಗೆ ಸೂಚಿಸಿದ ಮಿತಿಯಲ್ಲಿರುವುದು.
- ಸ್ಟೀರಿಂಗ್ ಎರಡೂ ಬದಿಗೆ ಪೂರ್ತಿ ತಿರುಗಿಸಿದಾಗ ಟೈರು ಎಲ್ಲಿಯೂ ಉಜ್ಜದಿರುವುದು.
- ಬ್ರೇಕ್ ಹೋಸ್ ಬಿಗಿದೆಳೆದಂತೆ ಇಲ್ಲದಿರುವುದು.
- ಲಾಕ್ ರಿಂಗ್ ಬಿಗಿಯಾಗಿರುವುದು, ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರದಿರುವುದು.
- ತಯಾರಕರ ಕೈಪಿಡಿ ಹಾಗೂ ಅಲೈನ್‌ಮೆಂಟ್ ವರದಿ ಜೊತೆಯಲ್ಲಿರುವುದು.

9. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ತಟ್ಟೆಯನ್ನು ಮೇಲಕ್ಕೆ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದೇ?
ಉತ್ತರ: ಇಲ್ಲ. ಪ್ರತಿ ಮಿ.ಮೀ.ಗೆ 5 ಕಿ.ಗ್ರಾಂ. ಹೊರುವ ಸಾಮಾನ್ಯ ಸ್ಪ್ರಿಂಗ್ 350 ಕಿ.ಗ್ರಾಂ. ಭಾರಕ್ಕೆ 70 ಮಿ.ಮೀ. ಕುಗ್ಗುತ್ತದೆ, ತಟ್ಟೆ ಎಲ್ಲಿದ್ದರೂ ಕುಗ್ಗುವುದು ಅಷ್ಟೇ. ಸಾಮಾನ್ಯವಾಗಿ ಬದಲಾಗುವುದು ಕಾರಿನ ಎತ್ತರ ಮಾತ್ರ.

ಪ್ರಶ್ನೆ: ವಿದೇಶದಲ್ಲಿ ಅನುಮೋದನೆ ಪಡೆದ ಕಾಯಿಲೋವರ್ ಅಳವಡಿಸಬಹುದೇ?
ಉತ್ತರ: ಆ ಅನುಮೋದನೆ ಮಾತ್ರ ಸಾಲದು. ಭಾರತದ ಅಧಿನಿಯಮ ಹಾಗೂ ನಿಯಮಗಳಡಿ ಅನುಮತಿ ಇರತಕ್ಕದ್ದು.

ಪ್ರಶ್ನೆ: ವಿಮಾ ಕಂಪನಿಗೆ ತಿಳಿಸಬೇಕೇ?
ಉತ್ತರ: ಹೌದು. ಯಾವುದೇ ಮಾರ್ಪಾಡನ್ನು ತಿಳಿಸದಿದ್ದಲ್ಲಿ, ಅಪಘಾತದ ಸಂದರ್ಭದಲ್ಲಿ ಪರಿಹಾರ ನಿರಾಕರಣೆಯಾಗುವ ಸಂಭವವಿದೆ.

ಹೆಚ್ಚಿನ ವಿವರಗಳಿಗೆ ಸಾರ್ವಜನಿಕರು ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.