ಬರಹವೂ ಒಂದು ಉಪಕಸುಬು
(ಆಹಾರ ಮತ್ತು ಆರೋಗ್ಯದ ವಿಷಯ ಬರೆಯಬಯಸುವ ರೈತ ಕುಟುಂಬಗಳಿಗೆ ಕೆಲವು ಸೂಚನೆಗಳು)



ಬೇಸಾಯದ ಜೊತೆಗೆ ಒಂದು ಉಪಕಸುಬು ಇರಬೇಕೆಂಬುದು ನಿಮಗೆ ಹೊಸ ಮಾತಲ್ಲ. ಹಸು ಕಟ್ಟುತ್ತೀರಿ, ಕೋಳಿ ಸಾಕುತ್ತೀರಿ, ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತೀರಿ, ಜೇನು ಪೆಟ್ಟಿಗೆ ಇಡುತ್ತೀರಿ. ಈ ಸಾಲಿಗೆ ಇನ್ನೊಂದನ್ನು ಸೇರಿಸಬಹುದು. ಅದೇ ಆಹಾರ ಮತ್ತು ಆರೋಗ್ಯದ ವಿಷಯವನ್ನು ಬರೆಯುವ ಕಸುಬು. ಯಾವ ಪತ್ರಿಕೆಯ ನೌಕರಿಯಲ್ಲಿಯೂ ಇರದೆ, ಮನೆಯಲ್ಲಿಯೇ ಬರೆದು, ಬರಹಕ್ಕೆ ಇಷ್ಟೆಂದು ಸಂಭಾವನೆ ಪಡೆಯುವವರನ್ನು ಹವ್ಯಾಸಿ ಬರಹಗಾರರೆಂದು ಕರೆಯುತ್ತಾರೆ. ನಿಮ್ಮ ಮನೆಯಲ್ಲಿ ಓದು ಮುಗಿಸಿದ ಮಗಳೋ, ಸೊಸೆಯೋ, ಮಗನೋ ಇದ್ದರೆ ಈ ಲೇಖನವನ್ನು ಅವರ ಕೈಗೂ ಕೊಡಿ.

ಒಂದು ಮಾತನ್ನು ಮೊದಲೇ ಹೇಳಬೇಕು. ಹಾಲಿಗೆ ನೀರು ಬೆರೆಸಿದರೆ ಡೈರಿಯ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಬರಹಕ್ಕೆ ಸುಳ್ಳು ಬೆರೆಸಿದರೆ ಹಾಗಲ್ಲ. ಅದು ನೇರವಾಗಿ ಯಾರದೋ ತಟ್ಟೆಗೆ ಹೋಗುತ್ತದೆ. ಓದಿದವನು ಅದನ್ನು ನಂಬಿ ತಾನು ನುಂಗುತ್ತಿದ್ದ ಮಾತ್ರೆಯನ್ನು ಬಿಟ್ಟರೆ ಅವನ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಈ ಕಸುಬಿನಲ್ಲಿ ನಂಬಿಕೆಯೇ ಬಂಡವಾಳ. ಅದನ್ನು ಗಳಿಸುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಇದು ನಮಗೆ ಹೊಸದಲ್ಲ

ಕನ್ನಡದಲ್ಲಿ ಅಡುಗೆಯ ಬರಹ ನಿನ್ನೆ ಮೊನ್ನೆಯದಲ್ಲ. ಕ್ರಿ.ಶ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ಬರೆದ ‘ಲೋಕೋಪಕಾರ’ದಲ್ಲಿ ನೆಲದಡಿಯ ನೀರನ್ನು ಗುರುತಿಸುವುದು, ಗಿಡಮರಗಳ ಆರೈಕೆ ಮುಂತಾದುವುಗಳ ಜೊತೆಗೆ ಅಡುಗೆಯ ವಿಷಯವೂ ಇದೆ. ಹೊಲ, ಒಲೆ, ಔಷಧಿ ಮೂರೂ ಒಂದೇ ಬಾಳಿನ ಭಾಗಗಳೆಂದು ನಮ್ಮ ಹಿರಿಯರು ತಿಳಿದಿದ್ದರು.

ನಮ್ಮ ಕಾಲದ ನಿದರ್ಶನವೂ ಇದೆ. ದಕ್ಷಿಣ ಕನ್ನಡದ ಪುತ್ತೂರಿನಲ್ಲಿ 1988ರಲ್ಲಿ ‘ಅಡಿಕೆ ಪತ್ರಿಕೆ’ ಆರಂಭವಾಯಿತು. ಕೃಷಿಕರ ಕೈಗೆ ಲೇಖನಿ ಕೊಡುವುದೇ ಅದರ ಧ್ಯೇಯ. ಅದರ ಸಂಪಾದಕತ್ವ ವಹಿಸಿದ ಶ್ರೀ ಪಡ್ರೆಯವರು ತಾವೂ ಕೃಷಿಕರು. ಹಿತ್ತಲಿನಲ್ಲಿ ಬಿದ್ದು ಕೊಳೆಯುತ್ತಿದ್ದ ಹಲಸಿನ ಹಣ್ಣಿನ ಬಗೆಗೆ ಅವರು ವರ್ಷಗಟ್ಟಲೆ ಬರೆದರು. ಹಲಸಿನ ತಿನಿಸುಗಳು, ಅವುಗಳ ಸಂಸ್ಕರಣೆ, ಮಾರಾಟ, ಇವುಗಳ ಸುದ್ದಿ ಊರಿಂದೂರಿಗೆ ತಿಳಿಯುವಲ್ಲಿ ಆ ಬರಹಗಳ ಪಾಲು ದೊಡ್ಡದು. ಒಂದೇ ವಿಷಯವನ್ನು ಹಿಡಿದು ಬಿಡದೆ ಬರೆದರೆ ಫಲವುಂಟು ಎಂಬುದನ್ನು ಇದರಿಂದ ತಿಳಿಯಬಹುದು.

ನಿಮ್ಮಲ್ಲಿರುವ ಬಂಡವಾಳ

ಪಟ್ಟಣದ ಬರಹಗಾರರಿಗೆ ಇಲ್ಲದ ಸಂಪತ್ತು ನಿಮ್ಮ ಮನೆಯಲ್ಲಿದೆ. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಯಾವ ಬೆರಕೆ ಸೊಪ್ಪು ಹುಟ್ಟುತ್ತದೆ, ಯಾವುದನ್ನು ಎಳೆಯದಿರುವಾಗಲೇ ಕುಯ್ಯಬೇಕು, ಅವರೆಯ ಸೊಗಡು ಯಾವಾಗ ಏರುತ್ತದೆ, ಹುರುಳಿ ಕಟ್ಟನ್ನು ಹೇಗೆ ಬಸಿಯಬೇಕು, ಕೊರಲೆ ಅಕ್ಕಿಯ ಅನ್ನಕ್ಕೆ ನೀರೆಷ್ಟು, ಜೋಳದ ರೊಟ್ಟಿ ಬಿರುಕು ಬಿಡದಂತೆ ತಟ್ಟುವುದು ಹೇಗೆ, ಇವೆಲ್ಲ ನಿಮ್ಮ ಮನೆಯ ಹೆಂಗಸರಿಗೆ ಕರತಲಾಮಲಕ. ಪನ್ನೀರಿನ ಪದಾರ್ಥ ಬರೆಯುವವರು ಸಾವಿರಾರು ಮಂದಿ ಇದ್ದಾರೆ. ನಿಮ್ಮ ಹೋಬಳಿಯ ಮಸ್ಸೊಪ್ಪನ್ನು ನೀವಲ್ಲದೆ ಬೇರೆ ಯಾರು ಬರೆಯಬೇಕು?

ಆದರೆ ಕೈ ಬಲ್ಲದ್ದನ್ನು ಕಾಗದಕ್ಕೆ ಇಳಿಸುವಾಗ ಅಳತೆ ಬೇಕು. “ಒಂದು ಹಿಡಿ”, “ಬೇಕಾದಷ್ಟು”, “ಹದವಾಗಿ” ಎಂದರೆ ಓದುವವರಿಗೆ ತಿಳಿಯದು. ಸೇರು, ಪಾವುಗಳ ತೂಕ ಊರಿಂದೂರಿಗೆ ಬೇರೆ. ಆದ್ದರಿಂದ ಒಂದು ಸಣ್ಣ ತಕ್ಕಡಿಯಿಟ್ಟುಕೊಂಡು ಗ್ರಾಂ ಲೆಕ್ಕದಲ್ಲಿ ತೂಗಿ ಬರೆಯಿರಿ. ಎಷ್ಟು ಜನಕ್ಕೆ ಸಾಕು, ಎಷ್ಟು ಹೊತ್ತು ಬೇಯಬೇಕು ಎಂಬುದನ್ನೂ ಬರೆಯಿರಿ. ಬರೆದ ಮೇಲೆ ಆ ಅಡುಗೆ ಬಾರದ ಒಬ್ಬರ ಕೈಗೆ ಕಾಗದ ಕೊಟ್ಟು, ನೀವು ಬಾಯಿ ತೆರೆಯದೆ, ಅವರಿಂದ ಮಾಡಿಸಿ ನೋಡಿ. ಅವರು ಎಲ್ಲಿ ತಡೆದು ನಿಂತರೋ ಅಲ್ಲಿ ಬರಹವನ್ನು ತಿದ್ದಬೇಕು.

ಆರೋಗ್ಯದ ಮಾತು ಬಂದಾಗ

ಅಡುಗೆಯ ವಿಧಾನ ತಪ್ಪಿದರೆ ಒಂದು ಹೊತ್ತಿನ ಊಟ ಕೆಡುತ್ತದೆ. ಆರೋಗ್ಯದ ಮಾತು ತಪ್ಪಿದರೆ ಮನುಷ್ಯನೇ ಕೆಡುತ್ತಾನೆ. ಮೂರು ಉದಾಹರಣೆಗಳನ್ನು ನೋಡಿ.

ರಾಗಿ: ರಾಗಿಯಲ್ಲಿ ಸುಣ್ಣದ ಅಂಶ ಹೆಚ್ಚು ಎಂಬುದು ನಿಜ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಅಷ್ಟೇ ಬಿಳಿ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ಆದರೆ ಇದು ಒಣ ಕಾಳಿನ ಲೆಕ್ಕ. ಮುದ್ದೆಯ ತೂಕದಲ್ಲಿ ನೀರಿನ ಪಾಲೇ ಹೆಚ್ಚು. 100 ಗ್ರಾಂ ಮುದ್ದೆಗೆ ಈ ಅಂಕಿ ಹೊಂದದು. ಹಾಗೆಯೇ ರಾಗಿಯಲ್ಲಿ ಮೂರರಲ್ಲಿ ಎರಡು ಪಾಲು ಪಿಷ್ಟವೇ ಇದೆ. “ರಾಗಿ ತಿಂದರೆ ಸಕ್ಕರೆ ಕಾಯಿಲೆ ವಾಸಿ” ಎಂದು ಬರೆಯುವುದು ತಪ್ಪು.

ಬೆಲ್ಲ: ಸಕ್ಕರೆ ಕಾಯಿಲೆಯವರು ಸಕ್ಕರೆ ಬಿಟ್ಟು ಬೆಲ್ಲ ತಿನ್ನಬಹುದೆಂಬ ಮಾತು ಎಲ್ಲ ಕಡೆಯೂ ಹರಡಿದೆ. ಬೆಲ್ಲದ ಬಹುಭಾಗ ಸಕ್ಕರೆಯೇ. ರಕ್ತದಲ್ಲಿ ಅದು ಸಕ್ಕರೆಯಂತೆಯೇ ಏರುತ್ತದೆ. ಆಲೆಮನೆ ನಮ್ಮದು, ಬೆಲ್ಲ ಮಾರಾಟವಾಗಬೇಕೆಂಬ ಆಸೆಯೂ ನಮ್ಮದೇ. ಆದರೂ ಸತ್ಯವನ್ನೇ ಬರೆಯಬೇಕು. ಬೆಲ್ಲದ ರುಚಿ, ಬಣ್ಣ, ಆಲೆಮನೆಯ ಕೆಲಸ, ಒಳ್ಳೆಯ ಬೆಲ್ಲವನ್ನು ಗುರುತಿಸುವ ಬಗೆ, ಇವುಗಳನ್ನು ಬರೆಯಲು ಯಾರ ಅಡ್ಡಿಯೂ ಇಲ್ಲ.

ಜೇನು: ಜೇನು ಒಳ್ಳೆಯ ಆಹಾರ. ಆದರೆ ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬಾರದು. ಜೇನಿನಲ್ಲಿ ಕೆಲವೊಮ್ಮೆ ಇರುವ ಒಂದು ಬಗೆಯ ಸೂಕ್ಷ್ಮಜೀವಿಯಿಂದ ಎಳೆಗೂಸಿಗೆ ಬೊಟುಲಿಸಂ ಎಂಬ ಅಪಾಯಕರ ಕಾಯಿಲೆ ಬರಬಹುದು. ಜೇನಿನ ಗುಣ ಹೇಳುವ ಲೇಖನದಲ್ಲಿ ಈ ಸಾಲು ಬಿಟ್ಟುಹೋಗಬಾರದು.

ಬರೆಯುವ ಮೊದಲು ಐದು ಪ್ರಶ್ನೆಗಳು

ಆರೋಗ್ಯದ ಯಾವ ಮಾತನ್ನೇ ಆಗಲಿ ಬರೆಯುವ ಮೊದಲು ನಿಮ್ಮನ್ನು ನೀವೇ ಹೀಗೆ ಕೇಳಿಕೊಳ್ಳಿ:

1. ಇದನ್ನು ಹೇಳಿದವರು ಯಾರು? ಮೊಬೈಲಿನಲ್ಲಿ ಬಂದ ಸಂದೇಶಕ್ಕೆ ತಂದೆ ತಾಯಿ ಇರುವುದಿಲ್ಲ.
2. ಪರೀಕ್ಷೆ ನಡೆದದ್ದು ಮನುಷ್ಯರ ಮೇಲೋ, ಇಲಿಗಳ ಮೇಲೋ?
3. ಎಷ್ಟು ಮಂದಿಯ ಮೇಲೆ, ಎಷ್ಟು ಕಾಲ?
4. ಅದಕ್ಕೆ ಹಣ ಕೊಟ್ಟವರು ಆ ಪದಾರ್ಥವನ್ನು ಮಾರುವವರೇ?
5. ಇದನ್ನು ನಂಬಿ ಓದುಗ ಔಷಧಿ ಬಿಟ್ಟರೆ ಏನಾದೀತು?

ಸರಿಯಾದ ಮಾಹಿತಿ ದೊರೆಯುವ ಜಾಗಗಳಿವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ 528 ಆಹಾರಗಳ ಸತ್ವಗಳನ್ನು ಅಳೆದು ಕೋಷ್ಟಕ ಪ್ರಕಟಿಸಿತು. ಅದೇ ಸಂಸ್ಥೆ 2024ರಲ್ಲಿ ಭಾರತೀಯರ ಆಹಾರ ಹೇಗಿರಬೇಕೆಂದು 17 ಸೂತ್ರಗಳ ಮಾರ್ಗದರ್ಶಿಯನ್ನು ಹೊಸದಾಗಿ ಹೊರತಂದಿತು. ಹಪ್ಪಳ, ಉಪ್ಪಿನಕಾಯಿ, ಹಣ್ಣಿನ ರಸ ಕೆಡದಂತೆ ಇಡುವ ವಿಷಯದಲ್ಲಿ 1950ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಸಿ.ಎಫ್.ಟಿ.ಆರ್.ಐ. ಸಂಸ್ಥೆಯ ತಿಳಿವಳಿಕೆ ಪ್ರಮಾಣ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಗೃಹ ವಿಜ್ಞಾನ ಬಲ್ಲವರಿದ್ದರೆ ಅವರನ್ನು ವಿಚಾರಿಸಿ. ಕಾಯಿಲೆಯ ಮಾತಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಬರಹವನ್ನು ತೋರಿಸಿ, ತಿದ್ದಿಸಿಕೊಂಡೇ ಕಳುಹಿಸಿ. ಇತ್ತೀಚೆಗೆ ಕಂಪ್ಯೂಟರೇ ಲೇಖನ ಬರೆದುಕೊಡುತ್ತದೆ. ಅದು ಇಲ್ಲದ್ದನ್ನೂ ಇದ್ದಂತೆಯೇ ಹೇಳಬಲ್ಲದು. ಅದನ್ನು ನಂಬಿ ಹೆಸರು ಹಾಕಿದರೆ ತಪ್ಪಿನ ಹೊಣೆ ನಿಮ್ಮದೇ.

ಹಣ ಬರುವ ದಾರಿಗಳು

ಒಂದೇ ಬೆಳೆಯನ್ನು ನಂಬಿದ ರೈತನಂತೆ ಒಂದೇ ಪತ್ರಿಕೆಯನ್ನು ನಂಬಿದ ಬರಹಗಾರನಿಗೂ ಕಷ್ಟ. ಮಿಶ್ರ ಬೆಳೆಯೇ ಲೇಸು.

ದಿನಪತ್ರಿಕೆಗಳ ಪುರವಣಿ, ವಾರಪತ್ರಿಕೆ, ಮಾಸಪತ್ರಿಕೆಗಳು ಮೊದಲ ದಾರಿ. ಆಕಾಶವಾಣಿಯ ಕೃಷಿ ಮತ್ತು ಮಹಿಳಾ ಕಾರ್ಯಕ್ರಮಗಳ ಭಾಷಣ ಎರಡನೆಯದು. ಆರೋಗ್ಯದ ಕರಪತ್ರ, ಪುಸ್ತಿಕೆಗಳನ್ನು ಇಂಗ್ಲಿಷಿನಿಂದ ತಿಳಿಗನ್ನಡಕ್ಕೆ ತರುವುದು ಮೂರನೆಯದು. ಎರಡೂ ಭಾಷೆ ಬಲ್ಲ ಹಳ್ಳಿಯ ಮಕ್ಕಳಿಗೆ ಇದು ಒಳ್ಳೆಯ ಕೆಲಸ. ರೈತ ಉತ್ಪಾದಕ ಕಂಪನಿಗಳು ಮತ್ತು ಸ್ತ್ರೀಶಕ್ತಿ ಸಂಘಗಳು ಮಾರುವ ಸಿರಿಧಾನ್ಯದ ಪೊಟ್ಟಣಕ್ಕೆ ಅಡುಗೆಯ ವಿಧಾನ ಬರೆದುಕೊಡುವುದು ನಾಲ್ಕನೆಯದು. ಅಂತರಜಾಲದಲ್ಲಿ ಬ್ಲಾಗ್ ಎಂಬ ಸ್ವಂತ ಪುಟ ತೆರೆದು ಬರೆಯುವುದು ಐದನೆಯದು. ಇದರಲ್ಲಿ ಹಣ ಬರುವುದು ಜಾಹೀರಾತಿನಿಂದ. ಓದುಗರು ಸಾವಿರಗಟ್ಟಲೆ ಸೇರುವವರೆಗೆ ಕಾಸು ಕಾಣದು. ಆದರೂ ನಿಮ್ಮ ಬರಹವನ್ನು ಸಂಪಾದಕರಿಗೆ ತೋರಿಸಲು ಆ ಪುಟ ಮಾದರಿಯಾಗಿ ಉಪಯೋಗಕ್ಕೆ ಬರುತ್ತದೆ.

ನಿಜವನ್ನು ಮರೆಮಾಚಬಾರದು. ಮೊದಲ ಒಂದೆರಡು ವರ್ಷ ಈ ಆದಾಯದಿಂದ ಮನೆ ನಡೆಯದು. ಇದನ್ನು ನಂಬಿ ಎಮ್ಮೆ ಮಾರಬೇಡಿ, ಹೊಲ ಬೀಳು ಬಿಡಬೇಡಿ. ತೆಂಗಿನ ಸಸಿಯಂತೆ ಇದಕ್ಕೂ ಕಾಲ ಕೊಡಬೇಕು.

ಪತ್ರಿಕೆಗೆ ಕಳುಹಿಸುವ ಕ್ರಮ

ಮೊದಲು ಆ ಪತ್ರಿಕೆಯ ಆರು ಸಂಚಿಕೆಗಳನ್ನಾದರೂ ಓದಿ, ಎಷ್ಟು ಉದ್ದದ ಲೇಖನ ಹಾಕುತ್ತಾರೆಂದು ನೋಡಿ. ವಿಷಯವೇನು, ಅದನ್ನು ಬರೆಯಲು ನಿಮಗಿರುವ ಅನುಭವವೇನು ಎಂಬುದನ್ನು ಐದಾರು ಸಾಲಿನಲ್ಲಿ ಸಂಪಾದಕರಿಗೆ ಬರೆಯಿರಿ. ಸಂಕ್ರಾಂತಿಯ ಎಳ್ಳು ಬೀರುವ ವಿಷಯವನ್ನು ಸಂಕ್ರಾಂತಿಯ ದಿನ ಕಳುಹಿಸಿದರೆ ಪ್ರಯೋಜನವಿಲ್ಲ. ದಿನಪತ್ರಿಕೆಗೆ ಒಂದು ತಿಂಗಳು, ಮಾಸಪತ್ರಿಕೆಗೆ ಎರಡು ಮೂರು ತಿಂಗಳು ಮುಂಚೆ ಕಳುಹಿಸಿ. ಒಂದೇ ಲೇಖನವನ್ನು ಏಕಕಾಲದಲ್ಲಿ ಎರಡು ಪತ್ರಿಕೆಗೆ ಕಳುಹಿಸಬೇಡಿ. ಚಿತ್ರ ನಿಮ್ಮದೇ ಆಗಿರಲಿ. ಸಂಭಾವನೆ ಎಷ್ಟು, ಯಾವಾಗ ಎಂಬುದನ್ನು ಮೊದಲೇ ವಿನಯದಿಂದ ಕೇಳುವುದು ತಪ್ಪಲ್ಲ. ರಾಗಿ ಮಾರುವಾಗ ದರ ಕೇಳುವುದಿಲ್ಲವೇ?

ಕಾನೂನು ತಿಳಿದಿರಲಿ

1957ರ ಕೃತಿಸ್ವಾಮ್ಯ ಕಾಯಿದೆಯಂತೆ ನೌಕರಿಯಲ್ಲಿಲ್ಲದೆ ನೀವು ಸ್ವತಂತ್ರವಾಗಿ ಬರೆದ ಲೇಖನದ ಹಕ್ಕು ಮೊದಲಿಗೆ ನಿಮ್ಮದೇ. ಅದನ್ನು ಇನ್ನೊಬ್ಬರಿಗೆ ವಹಿಸಿಕೊಡಬೇಕಾದರೆ ಬರಹದ ಮೂಲಕವೇ ಆಗಬೇಕು. ಆದ್ದರಿಂದ ಓದದೆ ಯಾವ ಕಾಗದಕ್ಕೂ ರುಜು ಹಾಕಬೇಡಿ. ಬೇರೆಯವರ ಬರಹವನ್ನೂ ಚಿತ್ರವನ್ನೂ ಕದಿಯಬೇಡಿ.

ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ 1954ರ ಕಾಯಿದೆಯು ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮುಂತಾದ ಹಲವು ರೋಗಗಳನ್ನು ಗುಣಪಡಿಸುತ್ತೇವೆಂಬ ಜಾಹೀರಾತನ್ನು ನಿಷೇಧಿಸಿದೆ. ಒಂದು ಕಂಪನಿ ಹಣವನ್ನೋ ಪದಾರ್ಥವನ್ನೋ ಕೊಟ್ಟು ಹೊಗಳಿಸಿಕೊಂಡರೆ ಆ ಸಂಗತಿಯನ್ನು ಓದುಗರಿಗೆ ತಿಳಿಸಲೇಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಸುಳ್ಳು ಜಾಹೀರಾತಿಗೆ ಹೆಸರು ಕೊಟ್ಟವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶವಿದೆ. ನೀವು ವೈದ್ಯರಲ್ಲದಿದ್ದರೆ ವೈದ್ಯರಂತೆ ಸಲಹೆ ಕೊಡಬೇಡಿ. ಊರಿನ ರೋಗಿಯೊಬ್ಬರ ವಿಷಯ ಬರೆಯುವುದಾದರೆ ಅವರ ಒಪ್ಪಿಗೆ ಪಡೆಯಿರಿ. ಹೆಸರು, ಗುರುತು ಬಿಟ್ಟು ಬರೆಯಿರಿ.

ಲೆಕ್ಕ ಮತ್ತು ಹೆಸರು

ಒಂದು ಪುಸ್ತಕದಲ್ಲಿ ಲೇಖನದ ಹೆಸರು, ಕಳುಹಿಸಿದ ದಿನ, ಪತ್ರಿಕೆ, ಉತ್ತರ, ಬಂದ ಹಣ ಎಂದು ಐದು ಅಂಕಣ ಹಾಕಿ ಬರೆದಿಡಿ. ಬೇಸಾಯದ ವರಮಾನಕ್ಕೆ ಆದಾಯ ತೆರಿಗೆ ವಿನಾಯಿತಿಯುಂಟು. ಬರಹದ ವರಮಾನಕ್ಕೆ ಆ ವಿನಾಯಿತಿ ಇಲ್ಲ. ಎರಡನ್ನೂ ಬೆರೆಸದೆ ಬೇರೆ ಬೇರೆ ಲೆಕ್ಕವಿಡಿ.

ಕೊನೆಯದಾಗಿ ಮನೆಯ ಯಜಮಾನರಿಗೆ ಒಂದು ಮಾತು. ಅಡುಗೆ ಬಲ್ಲವಳು ಮನೆಯ ಹೆಂಗಸಾದರೆ ಲೇಖನ ಅವಳ ಹೆಸರಿನಲ್ಲಿಯೇ ಪ್ರಕಟವಾಗಲಿ, ಹಣ ಅವಳ ಖಾತೆಗೇ ಹೋಗಲಿ. ಅಜ್ಜಿಗೆ ಬರೆಯಲು ಬಾರದಿದ್ದರೆ ಮೊಮ್ಮಗಳು ಬರೆದುಕೊಳ್ಳಲಿ. ಅಜ್ಜಿಯ ಹೆಸರನ್ನು ಮೊದಲು ಹಾಕಲಿ.

ಈ ವಾರವೇ ಒಂದು ನೋಟುಪುಸ್ತಕ ಕೊಳ್ಳಿ. ವರ್ಷದ ಹನ್ನೆರಡು ತಿಂಗಳಿಗೆ ಹನ್ನೆರಡು ಪುಟ ಬಿಟ್ಟು, ಆಯಾ ತಿಂಗಳು ನಿಮ್ಮ ಹೊಲ, ಹಿತ್ತಲು, ಸಂತೆಗಳಲ್ಲಿ ಏನು ದೊರೆಯುತ್ತದೆ, ಅದನ್ನು ನಿಮ್ಮ ಮನೆಯಲ್ಲಿ ಹೇಗೆ ಉಣ್ಣುತ್ತೀರಿ ಎಂಬುದನ್ನು ಬರೆಯುತ್ತ ಬನ್ನಿ. ವರ್ಷ ತುಂಬುವ ಹೊತ್ತಿಗೆ ನಿಮ್ಮ ಕೈಯಲ್ಲಿ ಹನ್ನೆರಡು ಲೇಖನಗಳ ಬೀಜವಿರುತ್ತದೆ. ಕಾಳು ಜೊಳ್ಳಿಲ್ಲದಂತೆ ತೂರಿ, ಸತ್ಯವಾದದ್ದನ್ನೇ ಬಿತ್ತಿ. ಒಮ್ಮೆ ನಿಮ್ಮ ಮಾತನ್ನು ನಂಬಿ ಅಡುಗೆ ಮಾಡಿ ಉಂಡ ಓದುಗ ಮತ್ತೆ ನಿಮ್ಮ ಹೆಸರನ್ನು ಹುಡುಕಿಕೊಂಡು ಬರುತ್ತಾನೆ.