ಓದಿನ ಜೊತೆಗೇ ಸೇವೆ

ಗುಡೇಕೋಟೆಯ ಬಂಡೆಗುಡ್ಡಗಳ ಸುತ್ತಲಿನ ಹಳ್ಳಿಗಳಲ್ಲಿ ಮಗನಿಗೋ ಮಗಳಿಗೋ ಮೆಡಿಕಲ್ ಸೀಟು ಸಿಕ್ಕಿತೆಂದರೆ ಊರಿಗೇ ಸಂಭ್ರಮ. ‘ಈಗ ಓದು, ಸಮಾಜಸೇವೆ ಆಮೇಲೆ’ ಎಂಬ ಬುದ್ಧಿಮಾತೂ ಜೊತೆಗೇ ಬರುತ್ತದೆ. ಓದು ಕೆಟ್ಟೀತೆಂಬ ಹೆತ್ತವರ ಭಯ ಸಹಜವೇ. ಆದರೆ ಎರಡೂ ಒಟ್ಟಿಗೆ ಸಾಗಬಲ್ಲವು ಎಂಬುದಕ್ಕೆ ನಮ್ಮ ನಾಡಿನಲ್ಲೇ ನಿದರ್ಶನವಿದೆ.

1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಗೆಳೆಯರೊಡಗೂಡಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಬಡ ರೋಗಿಗೆ ಕಡಿಮೆ ಖರ್ಚಿನಲ್ಲಿ ಸರಿಯಾದ ಚಿಕಿತ್ಸೆ ಸಿಗಬೇಕೆಂಬುದು ಅವರ ಗುರಿ. 1987ರಲ್ಲಿ ಅವರು ಹೊರಟದ್ದು ಹೆಗ್ಗಡದೇವನಕೋಟೆಯ ಕಾಡಂಚಿಗೆ. ಕಬಿನಿ ಅಣೆಕಟ್ಟು, ಅಭಯಾರಣ್ಯಗಳಿಂದಾಗಿ ನೆಲೆ ಕಳೆದುಕೊಂಡ ಗಿರಿಜನರು ಅಲ್ಲಿದ್ದರು. ಚಿಕಿತ್ಸಾಲಯದ ಬೆನ್ನಿಗೇ ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳ ಶಾಲೆ, ಮುಂದೆ ಸರಗೂರಿನಲ್ಲಿ ಆಸ್ಪತ್ರೆ ಬಂದವು.

ಹಾಗಾದರೆ ಓದು ನಿಂತಿತೇ? ಇಲ್ಲ. ಆ ವೈದ್ಯರು ಮುಂದೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆಡಳಿತ ಓದಿದರು. ಕರ್ನಾಟಕ ಲೋಕಾಯುಕ್ತಕ್ಕಾಗಿ ಪಡಿತರ ವ್ಯವಸ್ಥೆಯ ಲೋಪಗಳ ತನಿಖೆ ನಡೆಸಿದರು.

ಕಾಯಿಲೆಗೆ ರೋಗಾಣುವೊಂದೇ ಕಾರಣವಲ್ಲ. ಹಸಿವು, ಕೊಳಕು ನೀರು, ಕೈಗೆ ಬಾರದ ಪಡಿತರವೂ ಕಾರಣ. ಪುಸ್ತಕದಲ್ಲಿ ಓದಿದ ಈ ಪಾಠ ಹಾಡಿಯಲ್ಲಿ ನಿಂತಾಗ ಚೆನ್ನಾಗಿ ಅರ್ಥವಾಗುತ್ತದೆ. ಪಾಲಕರೇ, ಮಕ್ಕಳು ವಾರಕ್ಕೊಂದು ಸಂಜೆ ಸೇವೆಗೆ ಹೊರಟರೆ ತಡೆಯಬೇಡಿ. ಅದೂ ಓದಿನ ಒಂದು ಭಾಗವೇ.